ಹತ್ತು ನಿಮಿಷ ಮುಂದಿದ್ದ ದವಾಖಾನೆ

ವರದಾ ನದಿಯ ದಂಡೆಯ ಒಂದು ಊರಿನಲ್ಲಿ ಒಂದು ದವಾಖಾನೆ ಇತ್ತು. ಮೈಯಲ್ಲಿ ಎಲ್ಲಿ ಕೆಟ್ಟ ಗಡ್ಡೆ ಎದ್ದರೂ ಸುತ್ತಲಿನ ಹಳ್ಳಿಯವರು ಅಲ್ಲಿಗೇ ಬರುತ್ತಿದ್ದರು. ದೊಡ್ಡ ಮೆಷಿನ್ನಿನ ಕೆಳಗೆ ರೋಗಿಯನ್ನು ಮಲಗಿಸಿ ಗಡ್ಡೆಗೆ ಕಿರಣ ಬಿಡುವ ಚಿಕಿತ್ಸೆ ಅಲ್ಲಿ ನಡೆಯುತ್ತಿತ್ತು. ಡಾಕ್ಟರುಗಳು ಅದಕ್ಕೆ ಏನೇನೋ ಹೆಸರು ಹೇಳುತ್ತಾರೆ. ಹಳ್ಳಿಯವರು ಕರೆಂಟ್ ಕೊಡೋದು ಎನ್ನುತ್ತಾರೆ. ನಾವೂ ಹಾಗೇ ಅನ್ನೋಣ, ಎಲ್ಲರಿಗೂ ತಿಳಿಯುತ್ತದೆ.

ಆ ದವಾಖಾನೆಯ ಗಡಿಯಾರಗಳೆಲ್ಲ ಹತ್ತು ನಿಮಿಷ ಮುಂದಿದ್ದವು. ಯಾರೋ ಮರೆತು ಹಾಗಾದದ್ದಲ್ಲ, ಬೇಕೆಂದೇ ಮಾಡಿದ್ದು. ನಮ್ಮ ಕಡೆ ಬಹಳ ಮನೆಗಳಲ್ಲಿ ಈ ಪದ್ಧತಿ ಉಂಟು. ಮಕ್ಕಳಿಗೆ ಶಾಲೆ ತಪ್ಪಬಾರದು, ಯಜಮಾನರಿಗೆ ಬಸ್ಸು ತಪ್ಪಬಾರದು ಎಂದು ಅಡುಗೆಮನೆಯ ಗಡಿಯಾರವನ್ನು ಚೂರು ಮುಂದೆ ತಿರುಗಿಸಿ ಇಡುತ್ತಾರೆ. ನಿಮ್ಮ ಮನೆಯಲ್ಲೂ ಒಂದು ಇರಬಹುದು, ಎದ್ದು ನೋಡಿ ಬನ್ನಿ.

ದವಾಖಾನೆಯಲ್ಲಿ ಇದನ್ನು ಮಾಡಿಸಿದವರು ಅದರ ಹಿರಿಯ ಡಾಕ್ಟರು, ನೇಮಿನಾಥ ಉಪಾಧ್ಯೆ. ಮನುಷ್ಯ ಬಲು ಒಳ್ಳೆಯವರು. ಬೆಳಗಿನ ಸಿಬ್ಬಂದಿ ಚಹಾ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಮಾತಾಡುತ್ತ ಮಾತಾಡುತ್ತ ಒಳಗೆ ಬರುವ ಹೊತ್ತಿಗೆ ರೋಗಿಗಳು ಬೆಂಚಿನ ಮೇಲೆ ಒರಗಿಬಿಟ್ಟಿರುತ್ತಿದ್ದರು. ಡಾಕ್ಟರು ಬೈದು ನೋಡಿದರು, ಕೈ ಮುಗಿದೂ ನೋಡಿದರು. ಕೊನೆಗೆ ಒಂದು ಯುಗಾದಿಯ ಮರುದಿನ ಎಲ್ಲ ಗೋಡೆ ಗಡಿಯಾರಗಳನ್ನೂ ಹತ್ತು ನಿಮಿಷ ಮುಂದೆ ಮಾಡಿಸಿದರು. ಕಂಪ್ಯೂಟರಿನಲ್ಲಿ ಬೇರೆ ವೇಳೆ ಕಂಡರೆ ಗುಟ್ಟು ರಟ್ಟಾಗುತ್ತದಲ್ಲ, ಅದಕ್ಕೆ ಕಂಪ್ಯೂಟರುಗಳನ್ನೂ ಮುಂದೆ ಮಾಡಲು ಹೇಳಿದರು.

ಆ ಕೆಲಸ ಬಿದ್ದದ್ದು ಕಂಪ್ಯೂಟರ್ ವಿಭಾಗದ ವೀರಭದ್ರಯ್ಯ ಹಿರೇಮಠರ ಪಾಲಿಗೆ. ಎಲ್ಲರೂ ಅವರನ್ನು ಅಯ್ಯನವರು ಎಂದೇ ಕರೆಯುತ್ತಿದ್ದರು. ಅಯ್ಯನವರು ಒಂದೊಂದೇ ಕಂಪ್ಯೂಟರಿನ ಮುಂದೆ ಹೋಗಿ ಕೂರಲಿಲ್ಲ. ಅಲ್ಲಿಯ ಕಂಪ್ಯೂಟರುಗಳಿಗೆಲ್ಲ ಯಜಮಾನನಾಗಿ ಒಂದು ವಿಂಡೋಸ್ ಸರ್ವರ್ ಇತ್ತು. ಯಾರು ಒಳಗಿನವರು, ಯಾರು ಹೊರಗಿನವರು, ಯಾರಿಗೆ ಯಾವ ಕಡತ ತೆರೆಯುವ ಹಕ್ಕಿದೆ ಎಂದು ತೀರ್ಮಾನಿಸುವುದು ಅದರ ಕೆಲಸ. ವೇಳೆ ಎಷ್ಟಾಯಿತು ಎಂದು ಹೇಳುವುದೂ ಅದರದೇ ಕೆಲಸ. ಅದು ಹೇಳಿದ ವೇಳೆಯನ್ನು ನಂಬಿ ಉಳಿದವು ತಮ್ಮ ಗಡಿಯಾರ ಹೊಂದಿಸಿಕೊಳ್ಳುತ್ತವೆ. ಅಯ್ಯನವರು ಆ ಒಂದು ಸರ್ವರಿನ ವೇಳೆಯನ್ನು ಮುಂದೆ ಮಾಡಿದರು. ಸಂಜೆಯೊಳಗೆ ಇಡೀ ದವಾಖಾನೆ ಮುಂದೆ ಹೋಯಿತು. ಉಪಾಧ್ಯೆ ಡಾಕ್ಟರು ಅವರ ಬೆನ್ನು ತಟ್ಟಿದರು.

ಮೊದಲ ಕೆಲವು ದಿನ ಸಿಬ್ಬಂದಿ ಎದ್ದೆವೋ ಬಿದ್ದೆವೋ ಎಂದು ಓಡಿ ಬಂದರು. ಆಮೇಲೆ ಮೊಬೈಲ್ ನೋಡಿಕೊಂಡರು, ಗೋಡೆ ನೋಡಿದರು, ನಕ್ಕರು. ಗೋಡೆಯ ಮೇಲೆ ಒಂಬತ್ತು ಎಂದರೆ ಇನ್ನೂ ಹತ್ತು ನಿಮಿಷ ಇದೆ ಎಂದು ಎಲ್ಲರಿಗೂ ಬಾಯಿಪಾಠವಾಯಿತು. ಇಂಥ ಲೆಕ್ಕದಲ್ಲಿ ನಾವು ಮನುಷ್ಯರು ಬಹಳ ಚುರುಕು. ಮತ್ತೆ ಮೊದಲಿನ ಹಾಗೇ ಚಹಾ, ಮತ್ತೆ ಎಲೆ ಅಡಿಕೆ. ಗಡಿಯಾರಗಳನ್ನು ಮಾತ್ರ ಯಾರೂ ತಿರುಗಿ ಸರಿಮಾಡಲಿಲ್ಲ. ವರ್ಷಗಳು ಕಳೆದವು, ಅದು ಆ ದವಾಖಾನೆಯ ರೂಢಿಯೇ ಆಗಿಹೋಯಿತು.

ಶೈಲಾ ಬಾರಕೇರ ಅಲ್ಲಿ ಕೆಲಸಕ್ಕೆ ಸೇರಿದ್ದು ಇದೆಲ್ಲ ಆಗಿ ಎಷ್ಟೋ ಕಾಲದ ಮೇಲೆ. ಅದೇ ಊರಿನ ಅಂಬಿಗರ ಓಣಿಯವಳು. ಅಯ್ಯನವರು ಅವಳಿಗೆ ಮೇಲಧಿಕಾರಿ ಎನ್ನುವುದಕ್ಕಿಂತ ಗುರು ಎಂದರೆ ಸರಿ. ಎಲ್ಲಿ ಏನು ಕೆಟ್ಟರೂ ಕರೆದುಕೊಂಡು ಹೋಗುವರು, ತಾವು ಮುಟ್ಟದೆ ಅವಳಿಂದಲೇ ಮಾಡಿಸುವರು. ಅವರದೊಂದು ಕ್ರಮವಿತ್ತು. ಮೊದಲು ತಂತಿ ನೋಡಬೇಕು, ಆಮೇಲೆ ಹೆಸರು, ಆಮೇಲೆ ಕೀಲಿ, ಕೊನೆಗೆ ಬಾಗಿಲು.

ತಂತಿ ಎಂದರೆ ಕೇಬಲ್. ಬಿಲ್ಲಿನ ಕೌಂಟರಿನಲ್ಲಿ ನೆಟ್‌ವರ್ಕ್ ಸತ್ತಿದೆ ಎಂದು ಗದ್ದಲವೆದ್ದಾಗ ಶೈಲಾ ಏನೇನೋ ಪರೀಕ್ಷೆ ಮಾಡುತ್ತ ಕೂತಿದ್ದಳು. ಅಯ್ಯನವರು ಬಗ್ಗಿ ನೋಡಲು ಹೇಳಿದರು. ಕಸ ಹೊಡೆಯುವಾಗ ಪೊರಕೆಗೆ ಸಿಕ್ಕಿ ಕೇಬಲ್ ಅರ್ಧ ಹೊರಗೆ ಬಂದಿತ್ತು. ಹೆಸರು ಎಂದರೆ ಒಂದು ಕಂಪ್ಯೂಟರು ಇನ್ನೊಂದನ್ನು ಯಾವ ಹೆಸರಿನಿಂದ ಕರೆಯುತ್ತದೆ, ಆ ಹೆಸರಿನ ವಿಳಾಸ ಸರಿಯಾಗಿ ಸಿಗುತ್ತದೆಯೇ ಎಂಬುದು. ಔಷಧಿ ಅಂಗಡಿಯ ಪ್ರಿಂಟರ್ ಬೇಕಾದ ಹೊತ್ತಿನಲ್ಲೇ ಮಾಯವಾಗುತ್ತಿತ್ತು. ಹುಡುಕಿದರೆ ಯಾರೋ ತಂದಿಟ್ಟ ಟಿವಿ ಪೆಟ್ಟಿಗೆಯೊಂದು ಅದರ ವಿಳಾಸವನ್ನೇ ತನ್ನದೆಂದು ಹಿಡಿದು ಕೂತಿತ್ತು. ಕೀಲಿ ಎಂದರೆ ಪಾಸ್‌ವರ್ಡ್. ಬಾಣಂತಿ ರಜೆ ಮುಗಿಸಿ ಬಂದ ನರ್ಸಮ್ಮ ಹಳೆಯ ಪಾಸ್‌ವರ್ಡನ್ನೇ ಒತ್ತಿ ಒತ್ತಿ ತನ್ನ ಖಾತೆಗೆ ತಾನೇ ಬೀಗ ಜಡಿದುಕೊಂಡಿದ್ದಳು. ಬಾಗಿಲು ಎಂದರೆ ಫೈರ್‌ವಾಲ್, ಹೇಳದೆ ಕೇಳದೆ ಮುಚ್ಚಿಕೊಳ್ಳುವುದು ಅದರ ಗುಣ.

ಕೆಟ್ಟ ಕೂಡಲೇ ರೀಸ್ಟಾರ್ಟ್ ಮಾಡಬಾರದು ಎಂದೂ ಅಯ್ಯನವರು ಹೇಳುತ್ತಿದ್ದರು. ಆರಿಸಿ ಹಚ್ಚಿದರೆ ರೋಗ ಹೋದ ಹಾಗೆ ಕಾಣುತ್ತದೆ, ರೋಗದ ಗುರುತೂ ಅದರ ಜೊತೆಗೇ ಹೋಗಿರುತ್ತದೆ. ಹೀಗೆ ಅವರು ತಮಗೆ ತಿಳಿದದ್ದನ್ನು ಒಂದೂ ಮುಚ್ಚಿಡದೆ ಕಲಿಸಿದರು. ಗಡಿಯಾರ ನೋಡು ಎಂದು ಮಾತ್ರ ಯಾವತ್ತೂ ಹೇಳಲಿಲ್ಲ. ತಮ್ಮ ಸರ್ವರಿನ ಗಡಿಯಾರ ತಪ್ಪು ಎಂಬುದು ಅಷ್ಟು ಹೊತ್ತಿಗೆ ಅವರಿಗೇ ಮರೆತುಹೋಗಿತ್ತು. ಶೈಲಾ ಕೂಡ ಸೇರಿದ ವಾರದಲ್ಲೇ ಹತ್ತು ಕಳೆಯುವುದನ್ನು ಕಲಿತಿದ್ದಳು. ಕಲಿಸಿದವರು ಯಾರು ಎಂದು ಕೇಳಿದರೆ ಅವಳಿಗೆ ನೆನಪಾಗುತ್ತಿರಲಿಲ್ಲ.

ಹಳೆಯ ಸರ್ವರಿನಲ್ಲಿ ಜಾಗ ಸಾಲದಾಯಿತು. ದವಾಖಾನೆಗೆ ಇನ್ನೊಂದು ಸರ್ವರ್ ಬಂತು. ಅದನ್ನು ಕೂರಿಸಿದವಳು ಶೈಲಾ. ಕರೆಂಟ್ ಕೊಡುವ ಪ್ರತಿ ರೋಗಿಗೂ ಒಂದು ಯೋಜನೆ ಇರುತ್ತದೆ. ಕಿರಣ ಯಾವ ಕೋನದಿಂದ ಬೀಳಬೇಕು, ಎಷ್ಟು ಬೀಳಬೇಕು, ಯಾವ ನರಕ್ಕೆ ತಾಗಬಾರದು ಎಂಬುದನ್ನೆಲ್ಲ ದಿನಗಟ್ಟಲೆ ಕೂತು ಲೆಕ್ಕ ಹಾಕಿ ಅದನ್ನು ಸಿದ್ಧಮಾಡುತ್ತಾರೆ. ಅದಿಲ್ಲದೆ ಮೆಷಿನ್ ಶುರು ಮಾಡುವ ಹಾಗಿಲ್ಲ. ಆ ಯೋಜನೆಗಳನ್ನೆಲ್ಲ ಶೈಲಾ ಹೊಸ ಸರ್ವರಿಗೆ ಸಾಗಿಸಿದಳು. ಹೊಸದು ಬಂದ ದಿನವೇ ಹಳೆಯದರ ವೇಳೆಯನ್ನು ಒಪ್ಪಿಕೊಂಡಿತು. ಕೆಲವು ದಿನ ಎಲ್ಲ ಸುಗಮವಾಗಿ ನಡೆಯಿತು.

ಶನಿವಾರ ಹಬ್ಬದ ರಜೆ. ಭಾನುವಾರ ಜನರೇಟರಿನ ಕೆಲಸಕ್ಕೆಂದು ಎಲ್ಲವನ್ನೂ ಆರಿಸಿ ಹಚ್ಚಿದರು. ಸೋಮವಾರ ಬೆಳಿಗ್ಗೆ ಮೆಷಿನ್ನಿನ ಕೋಣೆಯ ಕಂಪ್ಯೂಟರಿನಲ್ಲಿ ಮೊದಲ ರೋಗಿಯ ಹೆಸರು ಒತ್ತಿದರೆ, ನಿಮಗೆ ಅನುಮತಿ ಇಲ್ಲ ಎಂದು ಬಂತು. ಎರಡನೆಯವರಿಗೂ ಅದೇ, ಮೂರನೆಯವರಿಗೂ ಅದೇ.

ಆ ಮೊದಲ ರೋಗಿ ದ್ಯಾಮವ್ವ. ಹತ್ತಿರದ ಹಳ್ಳಿಯವಳು, ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುವವಳು. ಗಂಟಲಲ್ಲಿ ಗಡ್ಡೆ. ಮಾತು ಪಿಸುಪಿಸು ಎಂದಷ್ಟೇ ಹೊರಡುತ್ತಿತ್ತು, ನೀರು ನುಂಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಗಡ್ಡೆ ಕರಗಲು ಶುರುವಾಗಿದೆ, ನಡುವೆ ಬಿಡುವು ಕೊಟ್ಟರೆ ಅದು ಮತ್ತೆ ಹಿಡಿತ ಸಾಧಿಸುತ್ತದೆ ಎಂದು ಉಪಾಧ್ಯೆ ಡಾಕ್ಟರು ಹೇಳಿದ್ದರು. ಶನಿವಾರ ಭಾನುವಾರ ಹೇಗೂ ತಪ್ಪಿತ್ತು. ಸೋಮವಾರ ತಪ್ಪಲೇಬಾರದು. ಬ್ಯಾಕಪ್ ಇತ್ತು, ನಿಜ. ಆದರೆ ಅದನ್ನು ಇಳಿಸಿ, ಪ್ರತಿ ಯೋಜನೆಯನ್ನೂ ತಾಳೆ ನೋಡಿ, ಡಾಕ್ಟರ ಸಹಿ ಆಗುವಷ್ಟರಲ್ಲಿ ವಾರವೇ ಮುಗಿಯುತ್ತದೆ. ದ್ಯಾಮವ್ವನ ಗಂಟಲಿಗೆ ಅಷ್ಟು ವ್ಯವಧಾನ ಇರಲಿಲ್ಲ.

ಗುರುಗಳು ಕಲಿಸಿದ ಕ್ರಮದಲ್ಲೇ ಶೈಲಾ ಹೊರಟಳು. ತಂತಿ ಸರಿಯಿತ್ತು. ಹೆಸರು ಕರೆದರೆ ಹೊಸ ಸರ್ವರ್ ಓಗೊಡುತ್ತಿತ್ತು, ವಿಳಾಸವೂ ಸರಿ. ಪಾಸ್‌ವರ್ಡ್ ಬದಲಾಗಿರಲಿಲ್ಲ, ಯಾರ ಖಾತೆಗೂ ಬೀಗ ಬಿದ್ದಿರಲಿಲ್ಲ. ಫೈರ್‌ವಾಲಿನ ಬಾಗಿಲು ತೆರೆದೇ ಇತ್ತು. ಹೊಸ ಸರ್ವರಿನ ಎದುರಿಗೇ ಹೋಗಿ ಕೂತರೆ ಯೋಜನೆಗಳೆಲ್ಲ ಕಣ್ಣಿಗೆ ಕಾಣುತ್ತಿದ್ದವು, ದ್ಯಾಮವ್ವನದೂ ಕಾಣುತ್ತಿತ್ತು. ಮೆಷಿನ್ನಿನ ಕೋಣೆಯಿಂದ ಕೇಳಿದರೆ ಮಾತ್ರ ಅದು ಕೊಡುತ್ತಿರಲಿಲ್ಲ.

ಪೆನ್ ಡ್ರೈವಿನಲ್ಲಿ ಹಾಕಿ ತಂದುಬಿಡಿ ಎಂದು ಯಾರೋ ಸಲಹೆ ಕೊಟ್ಟರು. ಒಬ್ಬರ ಯೋಜನೆ ಇನ್ನೊಬ್ಬರ ಗಂಟಲಿಗೆ ಬಿದ್ದರೆ ಹೊಣೆ ಯಾರು ಎಂದು ಡಾಕ್ಟರು ಗದರಿಕೊಂಡರು. ಹೊಸದನ್ನು ಅಳಿಸಿ ಮೊದಲಿಂದ ಕೂರಿಸಿ ಎಂದು ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ದವಾಖಾನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಹಳೆಯದು ಇಷ್ಟು ವರ್ಷ ಒಂದು ದಿನ ಕೈಕೊಟ್ಟದ್ದಿಲ್ಲ, ಹೊಸದು ಬಂತು ನೋಡಿ, ಗ್ರಹಚಾರ ಶುರುವಾಯಿತು. ಹೊಸದನ್ನು ಕೂರಿಸಿದವಳು ಯಾರು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಶೈಲಾಗೆ ಊಟ ಸೇರಲಿಲ್ಲ. ತಾನೇ ಏನೋ ತಪ್ಪು ಮಾಡಿದ್ದೇನೆ, ತನ್ನಿಂದ ಒಂದು ಜೀವ ಬೆಂಚಿನ ಮೇಲೆ ಕಾಯುತ್ತಿದೆ ಎಂಬ ಸಂಕಟದಲ್ಲಿ ಅವಳಿಗೆ ಅಳುವೇ ಬಂದಿತ್ತು.

ಸರ್ವರುಗಳು ತಮಗೆ ಆದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುತ್ತವೆ. ಶೈಲಾ ಎರಡೂ ಸರ್ವರುಗಳ ಆ ಸಾಲುಗಳನ್ನು ಅಕ್ಕಪಕ್ಕ ತೆರೆದು ಕೂತಳು. ಅಯ್ಯನವರೂ ಪಕ್ಕದಲ್ಲೇ ಇದ್ದರು. ಹಳೆಯದರಲ್ಲಿ ಹತ್ತು ಗಂಟೆಗೆ ಒಂದು ಸಾಲು. ಅದೇ ಘಟನೆಯ ಸಾಲು ಹೊಸದರಲ್ಲಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಈಗ ಇಲ್ಲಿ ಸ್ವಲ್ಪ ನಿಂತು ನೋಡಿ. ಹೊರಗಿನವರು ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ, ಇದೇಕೆ ಹೀಗೆ ಎಂದು ಕೇಳುತ್ತಿದ್ದರು. ಗುರುವೂ ಕೇಳಲಿಲ್ಲ, ಶಿಷ್ಯೆಯೂ ಕೇಳಲಿಲ್ಲ. ಶೈಲಾ ಗೋಡೆ ಗಡಿಯಾರ ಓದುವ ಹಾಗೆಯೇ ಮನಸ್ಸಿನಲ್ಲಿ ಹತ್ತು ಕಳೆದಳು, ಎರಡು ಸಾಲುಗಳನ್ನೂ ಹೊಂದಿಸಿಕೊಂಡಳು, ಮುಂದಿನ ಸಾಲಿಗೆ ಹೋದಳು. ಮಧ್ಯಾಹ್ನವೆಲ್ಲ ಹಾಗೆ ಕಳೆಯುತ್ತ ಹೊಂದಿಸುತ್ತ ಕೂತಳು. ಉತ್ತರ ಕಣ್ಣ ಮುಂದೆ ಇತ್ತು, ಅವಳು ಅದನ್ನು ಪ್ರತಿ ಸಾಲಿನಲ್ಲೂ ಅಳಿಸಿ ಅಳಿಸಿ ಓದುತ್ತಿದ್ದಳು.

ಹೊತ್ತು ಇಳಿಯತೊಡಗಿತು. ಉಳಿದ ರೋಗಿಗಳು ನಾಳೆ ಬರುತ್ತೇವೆಂದು ಒಬ್ಬೊಬ್ಬರಾಗಿ ಎದ್ದು ಹೋದರು. ದ್ಯಾಮವ್ವ ಹೋಗಲಿಲ್ಲ. ಬೆಂಚಿನ ತುದಿಯಲ್ಲಿ, ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಕೂತೇ ಇದ್ದಳು. ಡಾಕ್ಟರು ಒಂದು ಸಲ ಅವಳ ಮುಂದೆ ಬಂದು ನಿಂತು, ಹಾಗೇ ಒಳಗೆ ಹೋದರು. ಕೊನೆಗೆ ಶೈಲಾ ಎದ್ದು ಹೊರಗೆ ಬಂದಳು. ಇವತ್ತು ಆಗುವುದಿಲ್ಲ ಎಂಬ ಮಾತನ್ನು ಹೇಗೆ ಹೇಳಲಿ ಎಂದು ತಿಳಿಯದೆ ಅವಳ ಪಕ್ಕದಲ್ಲಿ ಕೂತಳು.

ದ್ಯಾಮವ್ವ ಗೋಡೆಯ ಕಡೆ ಕೈ ತೋರಿಸಿದಳು.

"ನಾಕೂವರಿ ಆತಲ್ರೀ ಬಾಯಾರ. ನಮ್ಮೂರ ಕಡೀ ಬಸ್ಸು ಐದೂವರಿಗೆ ಹೋಗತೈತಿ. ಆಗತೈತೇನ್ರೀ?"

ಶೈಲಾ ಅವಳ ಕೈ ಹಿಡಿದುಕೊಂಡು ಸಮಾಧಾನ ಮಾಡಿದಳು.

"ಇನ್ನೂ ಟೈಮ್ ಐತಿ ಬೇ ಯವ್ವಾ. ಆ ಗಡಿಯಾರದಾಗ ಹತ್ತು ನಿಮಿಷ ಕಳದು ತಿಳ್ಕೋಬೇಕು. ಇಲ್ಲೆ ಎಲ್ಲಾರಿಗೂ ಗೊತ್ತೈತಿ."

"ನನಗ ಯಾರೂ ಹೇಳಿಲ್ಲಲ್ರೀ," ಎಂದಳು ದ್ಯಾಮವ್ವ.

ಬೇಸರದಿಂದ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಮಾತು ಕೇಳಿ ಶೈಲಾಗೆ ಮಧ್ಯಾಹ್ನವೆಲ್ಲ ಓದಿದ ಸಾಲುಗಳು ನೆನಪಾದವು. ಹತ್ತು ಕಳೆಯಬೇಕೆಂದು ಈ ಹೆಂಗಸಿಗೆ ಯಾರೂ ಹೇಳಿರಲಿಲ್ಲ. ಹೊಸ ಸರ್ವರಿಗೆ ಯಾರು ಹೇಳಿದ್ದರು? ಅವಳು ದ್ಯಾಮವ್ವನ ಕೈ ಬಿಟ್ಟು ಒಳಗೆ ಓಡಿದಳು.

ಆಗಿದ್ದದ್ದು ಇಷ್ಟು. ಯಾರಾದರೂ ಕಡತ ತೆರೆಯಬೇಕಾದರೆ ಹಳೆಯ ಸರ್ವರಿನಿಂದ ಒಂದು ಚೀಟಿ ತರಬೇಕು. ಇವರು ನಮ್ಮವರು, ಒಳಗೆ ಬಿಡು ಎಂಬ ಚೀಟಿ. ಅದನ್ನು ತೋರಿಸುವಾಗ ತೋರಿಸಿದ ವೇಳೆಯೂ ಅದರ ಜೊತೆ ಇರುತ್ತದೆ. ಹೊಸ ಸರ್ವರ್ ಆ ವೇಳೆಯನ್ನು ತನ್ನ ಗಡಿಯಾರಕ್ಕೆ ಹಿಡಿದು ನೋಡುತ್ತದೆ. ಐದು ನಿಮಿಷದವರೆಗೆ ಹೆಚ್ಚು ಕಡಿಮೆ ಇದ್ದರೆ ಹೋಗಲಿ ಎನ್ನುತ್ತದೆ. ಅದಕ್ಕೂ ಮೀರಿದರೆ, ಇದು ಯಾರೋ ಕದ್ದ ಚೀಟಿ ಎಂದು ಬಾಗಿಲು ಹಾಕುತ್ತದೆ. ಕಳ್ಳರಿಗೆಂದು ಮಾಡಿದ ಕಟ್ಟುಪಾಡು ಅದು, ಒಳ್ಳೆಯದೇ. ಭಾನುವಾರ ಆರಿಸಿ ಹಚ್ಚಿದಾಗ ಹೊಸ ಸರ್ವರ್ ಎದ್ದ ಕೂಡಲೇ ಹಳೆಯದನ್ನು ಕೇಳದೆ ತಾನಿರುವ ಪೆಟ್ಟಿಗೆಯ ಗಡಿಯಾರವನ್ನೇ ನಂಬಿತ್ತು. ಆ ಪೆಟ್ಟಿಗೆಗೆ ದವಾಖಾನೆಯ ರೂಢಿ ತಿಳಿದಿರಲಿಲ್ಲ. ಅದರಲ್ಲಿ ನಿಜವಾದ ವೇಳೆ ಇತ್ತು. ಹಾಗಾಗಿ ಹತ್ತು ನಿಮಿಷ ಮುಂದಿನ ವೇಳೆ ಹೊತ್ತು ಬಂದವರೆಲ್ಲ ಅದರ ಕಣ್ಣಿಗೆ ಕಳ್ಳರಾಗಿ ಕಂಡರು. ಬೆಳಗಿನಿಂದ ಎಲ್ಲರೂ ಶಪಿಸುತ್ತಿದ್ದ ಆ ಹೊಸ ಸರ್ವರ್ ಇಡೀ ದವಾಖಾನೆಯಲ್ಲಿ ಸರಿಯಾಗಿದ್ದ ಒಂದೇ ಒಂದು ಕಂಪ್ಯೂಟರಾಗಿತ್ತು.

ಶೈಲಾ ಹೇಳುತ್ತಿದ್ದಂತೆ ಅಯ್ಯನವರ ಮುಖ ಬಿಳಿಚಿಕೊಂಡಿತು. ಎಷ್ಟೋ ವರ್ಷದ ಹಿಂದೆ ತಾವೇ ತಿರುಗಿಸಿದ್ದು ಅವರಿಗೆ ಆಗ ನೆನಪಾಯಿತು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಹೊಸಾದನ್ನ ಹತ್ತು ನಿಮಿಷ ಮುಂದ ಮಾಡಿಬಿಡು ತಂಗಿ. ಈಗಿಂದೀಗ ಎಲ್ಲಾ ತೆರಕೊಂತಾವು. ಯಾರಿಗೂ ಗೊತ್ತಾಗೂದಿಲ್ಲ."

ಸುಲಭದ ದಾರಿ. ಒಂದು ಆಜ್ಞೆ ಒತ್ತಿದರೆ ಮುಗಿಯಿತು. ದ್ಯಾಮವ್ವನಿಗೆ ಕರೆಂಟ್ ಸಿಗುತ್ತದೆ, ಗುರುಗಳ ಮರ್ಯಾದೆ ಉಳಿಯುತ್ತದೆ. ಶೈಲಾಳ ಕೈ ಕೀಲಿಮಣೆಯ ಮೇಲೇ ಇತ್ತು. ಕಲಿಸಿದವರ ಮಾತು ಮೀರುವುದು ಅವಳಿಗೆ ಯಾವತ್ತೂ ಗೊತ್ತಿರಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ.

"ಇವತ್ತ ಇದಕ್ಕ ಸುಳ್ಳ ಕಲಿಸಿದ್ರ, ನಾಳೆ ಬರೂದಕ್ಕೂ ನಾವ ಕಲಿಸಬೇಕಾಗತೈತ್ರಿ ಅಯ್ನಾರ," ಎಂದಳು. "ನಾವು ಮರತ ದಿನ ಮತ್ತ ಯಾರೋ ಹಿಂಗ ಬೆಂಚಿನ ಮ್ಯಾಲೆ ಕುಂತಿರ್ತಾರ. ಹಳೇದನ್ನ ಸರಿ ಮಾಡೂಣ್ರಿ."

ಅಯ್ಯನವರು ಅವಳನ್ನು ದಿಟ್ಟಿಸಿ ನೋಡಿದರು. ಕೋಪ ಬಂದಿತ್ತು, ಇಲ್ಲವೆನ್ನಲಾಗದು. ಅಷ್ಟು ವರ್ಷ ತಂತಿ ನೋಡು, ಕೀಲಿ ನೋಡು ಎಂದು ಕಲಿಸಿದವರು ತಾವು, ತಮ್ಮ ಮುಂದೆ ನಿಂತು ಇಲ್ಲ ಎನ್ನುತ್ತಿರುವವಳು ತಮ್ಮದೇ ಶಿಷ್ಯೆ. ಆ ಕೋಪ ಇಳಿಯುವುದನ್ನು ಶೈಲಾ ಕಣ್ಣಾರೆ ಕಂಡಳು. ಅವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಎದ್ದು ನಿಂತರು. ಸಾಹೇಬರಿಗೆ ನಾನೇ ಹೇಳುತ್ತೇನೆ, ಬಾ ಎಂದರು.

ಡಾಕ್ಟರ ಕೋಣೆಯಲ್ಲಿ ಅಯ್ಯನವರು ಸುತ್ತುಬಳಸಲಿಲ್ಲ. ಹೊಸ ಸರ್ವರಿನದಾಗಲಿ, ಶೈಲಾಳದಾಗಲಿ ತಪ್ಪಿಲ್ಲ, ಗಡಿಯಾರ ತಿರುಗಿಸಿದವನು ನಾನು, ಆಮೇಲೆ ಅದನ್ನು ಮರೆತವನೂ ನಾನು ಎಂದರು. ಹಳೆಯದನ್ನು ನಿಜವಾದ ವೇಳೆಗೆ ತರಲು ಅಪ್ಪಣೆ ಬೇಕು ಎಂದು ಕೇಳಿದರು. ಡಾಕ್ಟರು ಹಣೆ ಗಂಟು ಹಾಕಿಕೊಂಡರು. ಹಾಗೆ ಮಾಡಿದರೆ ಎಲ್ಲ ಗಡಿಯಾರಗಳನ್ನೂ ಹಿಂದೆ ತರಬೇಕಾಗುತ್ತದೆ, ನಾಳೆಯಿಂದ ಸಿಬ್ಬಂದಿ ಇನ್ನೂ ಹತ್ತು ನಿಮಿಷ ತಡ ಮಾಡುತ್ತಾರೆ, ರೋಗಿಗಳ ಗತಿ ಏನು ಎಂದರು. ಅವರ ಚಿಂತೆ ಸುಳ್ಳಿನದಲ್ಲ, ರೋಗಿಗಳದೇ.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ," ಎಂದರು ಅಯ್ಯನವರು. "ಇಲ್ಲಿ ಎಲ್ಲಾರೂ ಹತ್ತು ಕಳಿಯೂದು ಕಲತು ಎಷ್ಟೋ ವರ್ಷ ಆತು. ನೀವೂ ಕಲತೀರಿ. ನಿಮ್ಮ ಕೈಯಾಗಿನ ಗಡಿಯಾರ ನೋಡ್ಕೋರಿ."

ಡಾಕ್ಟರು ತಮ್ಮ ಕೈಗಡಿಯಾರ ನೋಡಿಕೊಂಡರು. ಅದು ನಿಜವಾದ ವೇಳೆಯಲ್ಲಿತ್ತು. ದವಾಖಾನೆಯನ್ನೆಲ್ಲ ಮುಂದೆ ತಳ್ಳಿದ ಮನುಷ್ಯ ತಮ್ಮ ಮಣಿಕಟ್ಟಿನ ಮೇಲಿನದನ್ನು ಮುಟ್ಟಿರಲಿಲ್ಲ. ತಮಗೆ ಖರೇ ವೇಳೆ ಬೇಕಲ್ಲ, ಅದಕ್ಕೆ. ಅವರು ತುಸು ಹೊತ್ತು ಆ ಗಡಿಯಾರದ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಸರಿಮಾಡಿ ಎಂದು ಹೇಳಿ ಎದ್ದರು.

ಮೆಷಿನ್ ಬೆಳಗಿನಿಂದ ನಿಂತಿತ್ತಾದ್ದರಿಂದ ವೇಳೆ ಬದಲಿಸಲು ತೊಡಕಿರಲಿಲ್ಲ. ಶೈಲಾ ಹಳೆಯ ಸರ್ವರನ್ನು ನಿಜವಾದ ವೇಳೆಗೆ ತಂದಳು, ಇನ್ನು ಮೇಲೆ ಹೊರಗಿನ ನಂಬಿಕಸ್ಥ ಗಡಿಯಾರವನ್ನೇ ಕೇಳಿಕೊಳ್ಳುವ ಹಾಗೆ ಅದನ್ನು ಹೊಂದಿಸಿದಳು. ಹೊಸದನ್ನು ಮುಟ್ಟಲಿಲ್ಲ, ಮುಟ್ಟುವ ಅಗತ್ಯವೇ ಇರಲಿಲ್ಲ. ಅಯ್ಯನವರು ಕೋಣೆಯಿಂದ ಕೋಣೆಗೆ ಹೋಗಿ ಎಲ್ಲರಿಂದ ಲಾಗ್ ಔಟ್ ಮಾಡಿಸಿ ಮತ್ತೆ ಲಾಗಿನ್ ಮಾಡಿಸಿದರು. ಹಳೆಯ ಚೀಟಿಗಳು ಹೋಗಿ ಹೊಸ ಚೀಟಿಗಳು ಬಂದವು. ಮೆಷಿನ್ನಿನ ಕೋಣೆಯಲ್ಲಿ ದ್ಯಾಮವ್ವನ ಹೆಸರು ಒತ್ತಿದರು. ಯೋಜನೆ ತೆರೆದುಕೊಂಡಿತು. ಶೈಲಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ದ್ಯಾಮವ್ವ ಕರೆಂಟ್ ಮುಗಿಸಿ ಹೊರಗೆ ಬರುವಾಗ ಉಪಾಧ್ಯೆ ಡಾಕ್ಟರು ಒಂದು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದರು. ಬೆಂಚಿನ ಮೇಲಿನ ಗೋಡೆಯ ಗಡಿಯಾರವನ್ನು ಬೇರೆಯವರಿಗೆ ಹೇಳದೆ ತಾವೇ ಇಳಿಸಿ, ಅದರ ಮುಳ್ಳು ತಿರುಗಿಸುತ್ತಿದ್ದರು. ಸಾಹೇಬರು ಏನು ಮಾಡುತ್ತಿದ್ದಾರೆ ಎಂದು ಅವಳು ಕೇಳಿದಳು. ಅದು ಹತ್ತು ನಿಮಿಷ ಮುಂದಿತ್ತು, ಈಗ ಸರಿಮಾಡುತ್ತಿದ್ದಾರೆ, ಕಂಪ್ಯೂಟರುಗಳೂ ಮುಂದಿದ್ದವು, ಅವನ್ನೂ ಸರಿಮಾಡಿದೆವು ಎಂದು ಶೈಲಾ ತಿಳಿಸಿದಳು.

ದ್ಯಾಮವ್ವ ಬಹಳ ಹೊತ್ತು ಆ ಗಡಿಯಾರವನ್ನೇ ನೋಡುತ್ತ ನಿಂತಳು. ಆಮೇಲೆ, ನೋಯುವ ಗಂಟಲಿನಿಂದ ಒಂದೊಂದೇ ಮಾತು ಹೊರಡಿಸಿ, ತನ್ನ ಕಥೆ ಹೇಳಿದಳು. ಅವಳ ಊರಿನ ಬಸ್ಸು ಬರುವ ವೇಳೆಗೂ ಅವಳ ಪಾಳಿಯ ವೇಳೆಗೂ ನಡುವೆ ನಡೆದು ಬರುವಷ್ಟು ಸಮಯ ಇತ್ತು. ಆದರೆ ಮೊದಲ ದಿನ ನಡೆದು ಬಂದಾಗ ಕೌಂಟರಿನ ಕಂಪ್ಯೂಟರು ತಡ ಎಂದಿತು, ಪಾಳಿ ಕೊನೆಗೆ ಹೋಯಿತು. ಎರಡನೆಯ ದಿನವೂ ಹಾಗೇ ಆಯಿತು. ತನ್ನ ಕಾಲಿನದೇ ತಪ್ಪು ಎಂದುಕೊಂಡಳು. ಅಂದಿನಿಂದ ದಿನಾಲೂ ಬಸ್ ಸ್ಟ್ಯಾಂಡಿನಿಂದ ದವಾಖಾನೆಯವರೆಗೆ, ಒಂದು ಕೈಯಲ್ಲಿ ಗಂಟಲು ಹಿಡಿದುಕೊಂಡು, ಓಡುತ್ತ ಬರುತ್ತಿದ್ದಳು. ನಡುವೆ ಉಸಿರು ಸಿಕ್ಕದೆ ಕಣ್ಣು ಕತ್ತಲೆ ಬಂದರೆ ಯಾವುದಾದರೂ ಅಂಗಡಿಯ ಕಟ್ಟೆ ಹಿಡಿದು ನಿಲ್ಲುತ್ತಿದ್ದಳು, ಮತ್ತೆ ಓಡುತ್ತಿದ್ದಳು. ಇದನ್ನೆಲ್ಲ ಅವಳು ದೂರಿನಂತೆ ಹೇಳಲಿಲ್ಲ. ಇಷ್ಟು ದಿನ ತಿಳಿಯದಿದ್ದದ್ದು ಈಗ ತಿಳಿಯಿತು ಎನ್ನುವ ಹಾಗೆ ಹೇಳಿದಳು.

ಸಿಬ್ಬಂದಿ ಓಡಿ ಬರಲೆಂದು ಹುಟ್ಟಿದ ಆ ಹತ್ತು ನಿಮಿಷ ಸಿಬ್ಬಂದಿಯಲ್ಲಿ ಯಾರನ್ನೂ ಓಡಿಸಿರಲಿಲ್ಲ. ಆ ಗಡಿಯಾರವನ್ನು ನಂಬಿದ್ದವಳು ಈ ಒಬ್ಬಳು. ಡಾಕ್ಟರು ಸ್ಟೂಲಿನ ಮೇಲೆ ಗಡಿಯಾರ ಹಿಡಿದುಕೊಂಡು ಹಾಗೇ ನಿಂತಿದ್ದರು. ಗಂಟಲಿಗೆ ಆಯಾಸ ಮಾಡಿಕೊಳ್ಳಬೇಡ, ನಿಧಾನವಾಗಿರು ಎಂದು ವಾರ ವಾರ ಅವಳಿಗೆ ಹೇಳುತ್ತಿದ್ದವರು ಅವರೇ.

ದ್ಯಾಮವ್ವ ಅವರ ಕಡೆ ತಲೆ ಎತ್ತಿ ಕೇಳಿದಳು.

"ಹಂಗಾರ ನಾಳಿಂದ ನಾ ಓಡೂದು ಬ್ಯಾಡೇನ್ರೀ ಸಾಹೇಬ್ರ?"

ಡಾಕ್ಟರು ಕೆಳಗಿಳಿದರು. ಬ್ಯಾಡ ಬೇ ಯವ್ವಾ ಎಂದರು.

ನೀತಿ: ಎಲ್ಲರಿಗೂ ಗೊತ್ತಿರುವ ಸುಳ್ಳಿನಿಂದ ಯಾರಿಗೂ ಕೇಡಿಲ್ಲ ಎಂದು ತಿಳಿಯಬೇಡಿ. ಗೊತ್ತಿದ್ದವರು ಅದನ್ನು ಲೆಕ್ಕದಿಂದ ಕಳೆದು ಹಾಯಾಗಿರುತ್ತಾರೆ, ನಮ್ಮನ್ನು ನಂಬಿ ಬಂದವರು ಅದರ ಭಾರ ಹೊರುತ್ತಾರೆ. ಏನಾದರೂ ಕೆಟ್ಟಾಗ ಹೊಸಬರ ಕಡೆ ಬೆರಳು ತೋರಿಸುವ ಮೊದಲು, ಇಲ್ಲಿ ಇದು ಹೀಗೇ ಎಂದು ನಾವು ದಿನಾಲೂ ನೋಡಿಯೂ ನೋಡದೆ ದಾಟಿಹೋಗುವುದನ್ನು ಒಮ್ಮೆ ನಿಂತು ನೋಡಬೇಕು.